ಶಾಲೆಯ ಅಂಗಳದಿಂದ: ಹನಿಯ ಲೆಕ್ಕ



ಜತ್ತ ತಾಲೂಕಿನ ಸೋದರಿಯೊಬ್ಬರು ಬರೆದ ಕಾಗದ ಕಳೆದ ತಿಂಗಳು ನನ್ನ ಕೈಸೇರಿತು. ಅವರ ನಾಲ್ಕು ವರ್ಷದ ಮಗಳ ಒಂದು ಕಣ್ಣು ತುಸು ಓರೆಯಾಗಿ ನೋಡುತ್ತದೆ. ಪೇಟೆಯ ನೇತ್ರವೈದ್ಯರಲ್ಲಿಗೆ ಕರೆದೊಯ್ದಾಗ, ಕನ್ನಡಕದ ಅಳತೆ ತೆಗೆಯುವ ಮುನ್ನ ಮೂರು ದಿನ ಎರಡೂ ಕಣ್ಣುಗಳಿಗೆ ಔಷಧದ ಹನಿ ಬಿಟ್ಟು ಕರೆತನ್ನಿರೆಂದು ಅವರು ಚೀಟಿ ಬರೆದುಕೊಟ್ಟರಂತೆ. ಮೊದಲನೆಯ ದಿನವೇ ಸಂಜೆಗೆ ಮಗುವಿನ ಮುಖ ಕೆಂಪಡರಿತು, ಮೈ ಬಿಸಿಯಾಯಿತು, ಬಾಯಿ ಒಣಗಿ ನೀರು ನೀರೆಂದು ಅತ್ತಿತು. ರಾತ್ರಿಯಲ್ಲಿ ಇಲ್ಲದ್ದನ್ನು ಕಂಡಂತೆ ಏನೇನೋ ಬಡಬಡಿಸಿತು. ಮನೆಯ ಹಿರಿಯರು ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನೆರೆಯವರು ಬಿಸಿಲು ಬಡಿದಿದೆಯೆಂದರು. ತಾಯಿಗೆ ಮಾತ್ರ ಅನುಮಾನ ಹನಿಯ ಮೇಲೆ. ಮಾರನೆಯ ದಿನ ಹನಿ ಬಿಡಲಿಲ್ಲ. ಮಗು ಎರಡು ದಿನಕ್ಕೆ ಮೊದಲಿನಂತಾಯಿತು. ವೈದ್ಯರಲ್ಲಿಗೆ ತಿರುಗಿ ಹೋಗಲಿಲ್ಲ. “ಕಣ್ಣಿಗೆ ಬಿಟ್ಟ ಒಂದು ಹನಿ ಮೈಗೆಲ್ಲ ಏರುವುದುಂಟೆ, ಗುರುಗಳೆ? ಏರುವುದಾದರೆ ವೈದ್ಯರೇಕೆ ಕೊಟ್ಟರು? ಇನ್ನು ಮುಂದೆ ಮಗುವಿನ ಕಣ್ಣಿಗೆ ಯಾವ ಹನಿಯನ್ನೂ ಹಾಕಬಾರದೆ?” ಎಂಬುದು ಅವರ ಪ್ರಶ್ನೆ.

ನಾನು ವೈದ್ಯನಲ್ಲ; ಮೂವತ್ತು ವರ್ಷದಿಂದ ಹಲಗೆಯ ಮುಂದೆ ನಿಂತವನು. ಆದರೂ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಪ್ರಸಂಗ ಒಂದೂವರೆ ವರ್ಷದ ಹಿಂದೆಯೇ ನನಗೆ ಒದಗಿತ್ತು. ಅದು ಸುಖದ ಪ್ರಸಂಗವಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸೋದರಿಯವರ ಪ್ರಶ್ನೆ.

ತಾಯಿಯ ಅನುಮಾನ ಸರಿಯಾದುದು. ಅವರು ಕಾಗದದ ಜೊತೆಗೆ ಕಳಿಸಿದ ಚೀಟಿಯ ನಕಲಿನಲ್ಲಿರುವ ಔಷಧ ಅಟ್ರೋಪಿನ್, ಶೇಕಡಾ 1ರದು. ಇಲ್ಲಿ ನಮ್ಮ ಐದನೆಯ ಇಯತ್ತೆಯ ಮಕ್ಕಳು ಮಾಡುವಂಥ ಒಂದು ಲೆಕ್ಕ ಮಾಡೋಣ. ಶೇಕಡಾ ಒಂದು ಎಂದರೆ 100 ಮಿಲಿಲೀಟರಿನಲ್ಲಿ 1 ಗ್ರಾಂ ಔಷಧ. ಅಂದರೆ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಬಾಟಲಿಯಿಂದ ಬೀಳುವ ಹನಿಗಳು ಸುಮಾರು ಇಪ್ಪತ್ತಾದರೆ ಒಂದು ಮಿಲಿಲೀಟರು. ಆದುದರಿಂದ ಒಂದು ಹನಿಯಲ್ಲಿ ಅರ್ಧ ಮಿಲಿಗ್ರಾಂ ಅಟ್ರೋಪಿನ್ ಇರುತ್ತದೆ. ದೊಡ್ಡವರಿಗೆ ಚುಚ್ಚುವ ಅಟ್ರೋಪಿನ್ನಿನ ಒಂದು ಮಿಲಿಲೀಟರಿನ ಸಾಮಾನ್ಯ ಕಾಚಿನ ಕುಪ್ಪಿಯಲ್ಲಿ ಇರುವುದು 0.6 ಮಿಲಿಗ್ರಾಂ ಮಾತ್ರ. ಎರಡು ಕಣ್ಣಿಗೆ ಬೆಳಿಗ್ಗೆ ಸಂಜೆ ಒಂದೊಂದು ಹನಿ ಎಂದರೂ ದಿನಕ್ಕೆ 2 ಮಿಲಿಗ್ರಾಂ ಆಯಿತು. ಮಗು ಕಣ್ಣು ಮುಚ್ಚಿಕೊಂಡು ಒದ್ದಾಡಿದಾಗ “ಒಳಗೆ ಬಿತ್ತೋ ಇಲ್ಲವೋ” ಎಂದು ತಾಯಿ ಇನ್ನೂ ಎರಡು ಹನಿ ಬಿಟ್ಟಿದ್ದರೆ ಲೆಕ್ಕವನ್ನು ನೀವೇ ಮುಂದುವರಿಸಿರಿ.

ಕಣ್ಣಿನಲ್ಲಿ ಸದಾ ನಿಂತಿರುವ ನೀರು ಒಂದು ಹನಿಯ ಐದನೆಯ ಒಂದು ಪಾಲಿನಷ್ಟೂ ಇರುವುದಿಲ್ಲ. ರೆಪ್ಪೆಗಳ ನಡುವೆ ಒಂದು ಇಡೀ ಹನಿ ಹಿಡಿಯಲಾರದು; ಉಳಿದದ್ದು ಕೆನ್ನೆಯ ಮೇಲೆ ಹರಿಯುತ್ತದೆ, ಇಲ್ಲವೆ ಮೂಗಿನ ಬದಿಯ ಕಣ್ಣಿನ ಮೂಲೆಯಲ್ಲಿರುವ ಸಣ್ಣ ರಂಧ್ರದ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದೇ ದಾರಿಯಿಂದ. ಹನಿ ಬಿಟ್ಟ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿಯಾಗುವುದನ್ನು ದೊಡ್ಡವರೂ ಬಲ್ಲರು. ಮೂಗಿನ ಒಳಪೊರೆಯ ಮೂಲಕ ಔಷಧ ನೇರವಾಗಿ ರಕ್ತ ಸೇರುತ್ತದೆ. ಬಾಯಿಂದ ನುಂಗಿದ ಔಷಧವು ರಕ್ತಕ್ಕೆ ಸೇರುವ ಮುನ್ನ ಯಕೃತ್ತಿನ ಶೋಧನೆಗೆ ಒಳಗಾಗಬೇಕು. ಮೂಗಿನ ಹಾದಿಯಲ್ಲಿ ಅಂಥ ಶೋಧನೆಯಿಲ್ಲ. ಅರವತ್ತು ಕಿಲೋ ತೂಕದ ತಂದೆಯ ಕಣ್ಣಿಗೂ ಹದಿಮೂರು ಕಿಲೋ ತೂಕದ ಮಗಳ ಕಣ್ಣಿಗೂ ಬೀಳುವ ಹನಿ ಒಂದೇ ಗಾತ್ರದ್ದು. ಮೈ ಮಾತ್ರ ಒಂದೇ ಗಾತ್ರದ್ದಲ್ಲ.

ನಮ್ಮ ಸೀಮೆಯ ತಿಪ್ಪೆಗಳ ಬದಿಯಲ್ಲಿ ಬೆಳೆಯುವ ಮದಗುಣಿಕೆಯನ್ನು ಯಾರು ಅರಿಯರು? ಅದರ ಬೀಜ ತಿಂದ ಮಗುವಿನ ಅವಸ್ಥೆಯನ್ನು ಹಳ್ಳಿಯ ಹಿರಿಯರು ಕಂಡಿರುತ್ತಾರೆ. ಕೆಂಪಾದ ಮುಖ, ಒಣಗಿದ ನಾಲಿಗೆ, ಕಾದ ಮೈ, ಅಗಲವಾದ ಕಣ್ಣಾಲಿ, ಗಾಳಿಯಲ್ಲಿ ಏನನ್ನೋ ಹಿಡಿಯುವ ಕೈ. ಸೋದರಿಯವರು ವರ್ಣಿಸಿದ್ದು ಹೆಚ್ಚು ಕಡಿಮೆ ಅದನ್ನೇ. ಆಶ್ಚರ್ಯವೇನೂ ಇಲ್ಲ, ಮದಗುಣಿಕೆಯಲ್ಲಿರುವ ವಿಷಗಳಲ್ಲಿ ಅಟ್ರೋಪಿನ್ ಕೂಡ ಒಂದು. ಅದು ಬೆವರನ್ನು ಕಟ್ಟುತ್ತದೆ. ಬೆವರು ಕಟ್ಟಿದ ಮೈಯಿಂದ ಬಿಸಿ ಹೊರಹೋಗುವುದಿಲ್ಲ. ಆದುದರಿಂದ ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಹನಿ ಹಾಕಿದ ಮಗುವನ್ನು ತಂಪಾದ ಕಡೆ ಇರಿಸುವುದು ಅಗತ್ಯ.

ಹಾಗಾದರೆ ವೈದ್ಯರು ಕೊಟ್ಟದ್ದು ತಪ್ಪೆ? ಅಲ್ಲ. ಮಗುವಿನ ಕಣ್ಣು ಹತ್ತಿರದ್ದನ್ನು ನೋಡಲು ತನ್ನೊಳಗಿನ ಮಸೂರವನ್ನು ಬಿಗಿದು ಸಡಿಲಿಸುತ್ತಲೇ ಇರುತ್ತದೆ. ಈ ಆಟ ನಿಲ್ಲದೆ ಕನ್ನಡಕದ ನಿಜವಾದ ಅಳತೆ ಸಿಕ್ಕದು, ಓರೆಗಣ್ಣಿನ ಮಗುವಿಗಂತೂ ಸಿಕ್ಕುವುದೇ ಇಲ್ಲ. ಅಟ್ರೋಪಿನ್ ಅದನ್ನು ಪೂರ್ಣವಾಗಿ ನಿಲ್ಲಿಸುತ್ತದೆ. ಚಿಕ್ಕ ಮಕ್ಕಳಿಗೆ ಹನಿಗಿಂತ ಮುಲಾಮಿನ ರೂಪದಲ್ಲಿ ಕೊಡುವುದನ್ನು ಅನೇಕ ವೈದ್ಯರು ಮೆಚ್ಚುತ್ತಾರೆ. ಅದು ಮೂಗಿಗೆ ಇಳಿಯುವುದು ಕಡಿಮೆ. ಸೈಕ್ಲೋಪೆಂಟೊಲೇಟ್ ಎಂಬ ಇನ್ನೊಂದು ಹನಿಯುಂಟು. ಅದರ ಪ್ರಭಾವ ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಅದರಿಂದಲೂ ಕೆಲ ಮಕ್ಕಳು ಮಂಕಾಗುವುದು, ಅಸಂಬದ್ಧ ಮಾತನಾಡುವುದು ಉಂಟು.

ಸೋದರಿಯವರೆ, ತಾವು ಹನಿ ನಿಲ್ಲಿಸಿದ್ದು ಸರಿ. ಅಂದು ರಾತ್ರಿಯೇ ಮಗುವನ್ನು ಬಾಟಲಿಯ ಸಮೇತ ದವಾಖಾನೆಗೆ ಒಯ್ದಿದ್ದರೆ ಇನ್ನೂ ಸರಿಯಾಗುತ್ತಿತ್ತು. ಈಗ ಉಳಿದಿರುವ ಕೆಲಸ ಆ ವೈದ್ಯರಲ್ಲಿಗೆ ತಿರುಗಿ ಹೋಗಿ ನಡೆದುದನ್ನು ಯಥಾವತ್ತಾಗಿ ಹೇಳುವುದು. ಅವರು ಬೇರೆ ಔಷಧವನ್ನೋ ಬೇರೆ ಪ್ರಮಾಣವನ್ನೋ ಆರಿಸುವರು. ಓರೆಗಣ್ಣನ್ನು ಹಾಗೆಯೇ ಬಿಟ್ಟರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗಿ ಉಳಿದೀತು. ಕಾಲ ಮೀರಿದ ಮೇಲೆ ಕನ್ನಡಕದಿಂದ ಪ್ರಯೋಜನ ಕಡಿಮೆ. ಒಂದು ರಾತ್ರಿಯ ಭಯಕ್ಕಾಗಿ ಒಂದು ಕಣ್ಣನ್ನು ಬಿಟ್ಟುಕೊಡಬೇಡಿರಿ.

ಹನಿ ಬಿಡುವ ಕ್ರಮವೊಂದುಂಟು. ಸೋಲಾಪುರದ ನೇತ್ರವೈದ್ಯರೊಬ್ಬರು ನನಗೆ ತೋರಿಸಿಕೊಟ್ಟದ್ದು. ಮಗುವನ್ನು ಅಂಗಾತ ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಬೇಕು. ಮೂಗಿನ ಬದಿಯ ಮೂಲೆಯ ಗುಳಿಯಲ್ಲಿ ಒಂದೇ ಒಂದು ಹನಿ ಇಡಬೇಕು. ಮಗು ತಾನಾಗಿ ಕಣ್ಣು ತೆರೆದಾಗ ಅದು ಒಳಗೆ ಸರಿಯುತ್ತದೆ, ಬಲಾತ್ಕಾರ ಬೇಕಿಲ್ಲ. ತಕ್ಷಣ ಅದೇ ಮೂಲೆಯನ್ನು, ಮೂಗಿನ ಎಲುಬಿಗೆ ತಾಗಿದಂತೆ, ಬೆರಳ ತುದಿಯಿಂದ ಎರಡು ನಿಮಿಷ ಮೆಲ್ಲನೆ ಒತ್ತಿ ಹಿಡಿಯಬೇಕು. ಮೂಗಿಗೆ ಇಳಿಯುವ ಬಾಗಿಲು ಮುಚ್ಚುತ್ತದೆ. ಔಷಧ ಕಣ್ಣಿನಲ್ಲೇ ನಿಂತು ಕೆಲಸ ಮಾಡುತ್ತದೆ. ಕೆನ್ನೆಗೆ ಹರಿದದ್ದನ್ನು ಒರೆಸಿ, ಮಗುವಿನ ಕೈಯನ್ನೂ ನಮ್ಮ ಕೈಯನ್ನೂ ತೊಳೆಯಬೇಕು. ಮಗು ಆ ಕೈಯನ್ನೇ ಬಾಯಲ್ಲಿಡುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಅಟ್ರೋಪಿನ್ನಿನ ಪ್ರಭಾವ ಒಂದೆರಡು ವಾರ ಉಳಿಯುತ್ತದೆ. ಆ ದಿನಗಳಲ್ಲಿ ಮಗುವಿಗೆ ಪುಸ್ತಕದ ಅಕ್ಷರ ಮಸುಕು, ಅಂಗಳದ ಬಿಸಿಲು ಅಸಹನೀಯ. ಓದಲಿಲ್ಲವೆಂದು ಅದನ್ನು ಎದ್ದು ನಿಲ್ಲಿಸಬೇಡಿರಿ.

ಈಚೆಗೆ ಪಟ್ಟಣಗಳಲ್ಲಿ ಇದೇ ಅಟ್ರೋಪಿನ್ನನ್ನು ಮಕ್ಕಳ ಸಮೀಪದೃಷ್ಟಿ ಹೆಚ್ಚದಂತೆ ತಡೆಯಲು ದಿನಾ ರಾತ್ರಿ ಒಂದು ಹನಿಯಂತೆ ಕೊಡುತ್ತಾರೆ. ಪುಣೆಯಲ್ಲಿರುವ ನನ್ನ ತಮ್ಮನ ಮಗನಿಗೂ ಕೊಟ್ಟಿದ್ದಾರೆ. ಸಿಂಗಾಪುರ, ಹಾಂಗ್‌ಕಾಂಗ್‌ಗಳ ಪ್ರಯೋಗಗಳಲ್ಲಿ ಅದರಿಂದ ಲಾಭ ಕಂಡುಬಂದಿತು; 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 0.01ರ ಹನಿಯಿಂದ ಲಾಭ ಕಾಣಲಿಲ್ಲ. ವಾದ ಪಂಡಿತರದು, ನಾನು ಹೇಳುವುದು ಬಿಂದುವಿನ ವಿಷಯ. ಆ ಔಷಧ ಶೇಕಡಾ 0.01ರದು. ಮೇಲೆ ಲೆಕ್ಕ ಮಾಡಿದ್ದು ಶೇಕಡಾ 1ರದು. ಒಂದಕ್ಕೂ ಇನ್ನೊಂದಕ್ಕೂ ನೂರು ಪಟ್ಟು ಅಂತರ. ಹೆಸರು ಮಾತ್ರ ಒಂದೇ. ಅಂಗಡಿಯವನು ಅವಸರದಲ್ಲಿ ಬೇರೆ ಬಾಟಲಿ ಕೊಟ್ಟರೆ ಅದನ್ನು ಕಂಡುಹಿಡಿಯುವವರು ನಾವೇ. ದಶಾಂಶ ಬಿಂದು ಯಾವ ಉಪಯೋಗಕ್ಕೆ ಎಂದು ಕೇಳುವ ಹುಡುಗರಿಗೆ ನಾನೀಗ ಈ ಉದಾಹರಣೆಯನ್ನೇ ಕೊಡುತ್ತೇನೆ.

ಸೋದರಿಯವರ ಮಗುವಿಗೆ ಬಿಟ್ಟದ್ದು ಹೆದರಿಸುವ ಹನಿ. ಅದು ಹೆದರಿಸಿದ್ದರಿಂದಲೇ ತಾಯಿ ಅದನ್ನು ಮಾರನೆಯ ದಿನ ನಿಲ್ಲಿಸಿದರು. ಆದರೆ ಯಾರನ್ನೂ ಹೆದರಿಸದ, ಬಿಟ್ಟೊಡನೆ ಸುಖ ಕೊಡುವ ಇನ್ನೊಂದು ಹನಿಯುಂಟು. ಮೇಲೆ ಹೇಳಿದ ಪ್ರಸಂಗ ಅದಕ್ಕೆ ಸಂಬಂಧಿಸಿದ್ದು.

ನಮ್ಮ ಶಾಲೆ ಅಕ್ಕಲಕೋಟೆಯ ಸೀಮೆಯಲ್ಲಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಅಲ್ಲಿಯ ಒಬ್ಬ ಹುಡುಗನಿಗೆ ಪ್ರತಿ ಬೇಸಿಗೆ ಕಣ್ಣು ಕೆಂಪಾಗುತ್ತಿದ್ದವು. ತುರಿಕೆ ಎಂದರೆ ಮುಷ್ಟಿಯಿಂದ ತಿಕ್ಕಿ ತಿಕ್ಕಿ ರೆಪ್ಪೆ ಬಾತು ಹೋಗುವಷ್ಟು ತುರಿಕೆ. ದಾರದಂತೆ ಎಳೆಯುವ ಪಿಸುರು. 2021ರ ಕೊನೆಯಲ್ಲಿ ಅವನ ಆಯಿಗೆ ಶಿಬಿರವೊಂದರಲ್ಲಿ ಮೋತಿಬಿಂದುವಿನ ಶಸ್ತ್ರಕ್ರಿಯೆಯಾಯಿತು. ಆಮೇಲೆ ಹಾಕಲು ಕೊಟ್ಟ ಹನಿಯಲ್ಲಿ ಅರ್ಧ ಬಾಟಲಿ ಉಳಿಯಿತು. ಮುಂದಿನ ಮಾರ್ಚಿಯಲ್ಲಿ ಮೊಮ್ಮಗನ ಕಣ್ಣು ಕೆಂಪಾದಾಗ ಮುದುಕಿ ಪ್ರೀತಿಯಿಂದ ಅದನ್ನೇ ಬಿಟ್ಟಳು. ಎರಡು ದಿನದಲ್ಲಿ ಕಣ್ಣು ಹಾಲಿನಂತೆ ಬಿಳುಪಾದವು, ತುರಿಕೆ ಮಾಯವಾಯಿತು. ನಿಲ್ಲಿಸಿದರೆ ವಾರದಲ್ಲಿ ಮತ್ತೆ ಕೆಂಪು. ಹಾಕಿದರೆ ಮತ್ತೆ ಬಿಳುಪು. ಬಾಟಲಿ ತೀರಿದಾಗ ಖಾಲಿ ಬಾಟಲಿಯನ್ನು ಅಂಗಡಿಗೆ ಒಯ್ದು ತೋರಿಸಿದರು, ಹೊಸದು ಸಿಕ್ಕಿತು. ಯಾರೂ ಚೀಟಿ ಕೇಳಲಿಲ್ಲ.

2023ರ ಏಪ್ರಿಲಿನಲ್ಲಿ ಸಂತೆಯ ದಿನ ನಾನು ಪೇಟೆಗೆ ಹೊರಟಿದ್ದೆ. ಆಯಿ ಶಾಲೆಯ ಗೇಟಿನ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿ ಬಾಟಲಿ ಕೊಟ್ಟಳು.

“ಗುರೂಜಿ, ಪೇಟಿಗಿ ಹೊಂಟೀರಲ್ಲ, ಇಂಥಾದ ಒಂದು ತಗೊಂಡ ಬರ್ರಿ. ಹುಡುಗ ಕಣ್ಣ ತಿಕ್ಕಿ ತಿಕ್ಕಿ ಸಾಯ್ಲಿಕ್ಕತ್ತೈತಿ.”

“ಡಾಕ್ಟರಿಗೆ ತೋರಿಸೀರೇನು ಆಯಿ?”

“ದೊಡ್ಡ ಡಾಕ್ಟರ ಕೊಟ್ಟಿದ್ದ ಹನಿ ಐತಿರಿ ಇದು. ಬಾಳ ಛಲೋ ಐತಿ.”

ದೊಡ್ಡ ಡಾಕ್ಟರರು ಕೊಟ್ಟದ್ದು ನಿಜ. ಕೊಟ್ಟದ್ದು ಯಾರಿಗೆ ಎಂದು ನಾನು ಕೇಳಲಿಲ್ಲ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಬಲ್ಲವನು ಆ ಊರಿನಲ್ಲಿ ನಾನಿದ್ದೆ, ಓದಲಿಲ್ಲ. ತಂದು ಕೊಟ್ಟೆ. ಮುದುಕಿ ನನ್ನನ್ನು ಹರಸಿದಳು.

ಆ ವರ್ಷ ಅವನು ನಾಲ್ಕನೆಯ ಇಯತ್ತೆ ಮುಗಿಸಿ ಐದಕ್ಕೆ ಬಂದ. ಕಣ್ಣು ಬೆಳ್ಳಗಿದ್ದವು, ತುರಿಕೆಯ ದೂರಿರಲಿಲ್ಲ. ಖೋ ಖೋ ಆಟದಲ್ಲಿ ಮಾತ್ರ ಪಕ್ಕದಲ್ಲಿ ಓಡಿದವನನ್ನು ಹಿಡಿಯದೆ ನಿಲ್ಲುತ್ತಿದ್ದ. ನೀರಿನ ಬಿಂದಿಗೆಯನ್ನು ಎಡವುತ್ತಿದ್ದ. ಸಾಲಿನಲ್ಲಿ ನಡೆಯುವಾಗ ಬಲಗಡೆಯವನಿಗೆ ಡಿಕ್ಕಿ ಹೊಡೆಯುತ್ತಿದ್ದ. “ಕಣ್ಣು ನೆತ್ತಿಯ ಮೇಲಿವೆಯೇನೋ?” ಎಂದು ಒಂದೆರಡು ಸಲವಲ್ಲ, ಅನೇಕ ಸಲ ಗದರಿಸಿದ್ದೇನೆ. ಆರೋಗ್ಯ ತಪಾಸಣೆಗೆ ಬಂದವರು ಅಕ್ಷರಗಳ ಫಲಕ ತೋರಿಸಿದರು. ಹುಡುಗ ಸಣ್ಣ ಸಾಲಿನವರೆಗೂ ಓದಿದ. ದೃಷ್ಟಿ ಉತ್ತಮ ಎಂದು ಕಾರ್ಡಿನಲ್ಲಿ ಬರೆದರು. ಅವರದು ತಪ್ಪೆನ್ನಲಾರೆ. ಈ ವ್ಯಾಧಿ ಬದಿಯ ನೋಟವನ್ನು ಮೊದಲು ತಿನ್ನುತ್ತದೆ. ನೇರದ ನೋಟವನ್ನು ಕೊನೆಗೆ ಮುಟ್ಟುತ್ತದೆ. ಫಲಕ ಅಳೆಯುವುದು ನೇರದ ನೋಟವನ್ನು ಮಾತ್ರ.

2024ರ ದೀಪಾವಳಿಯ ರಜೆಯಲ್ಲಿ ಹುಡುಗನೇ ಒಂದು ದಿನ ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ದೀಪ ನೋಡುತ್ತಿದ್ದನಂತೆ. “ಅವ್ವಾ, ಈ ಕಣ್ಣಾಗ ದೀಪ ಒಂದ ಕಾಣ್ತೈತಿ, ಮನಿ ಕಾಣ್ವಲ್ದು” ಎಂದ. ತಾಯಿ ಹೌಹಾರಿ ನನ್ನಲ್ಲಿಗೆ ಓಡಿಬಂದಳು. ಮರುದಿನ ಸೋಲಾಪುರಕ್ಕೆ ಕರೆದೊಯ್ದೆವು.

ಕಣ್ಣಿನ ಗೋಲದೊಳಗೆ ಒಂದು ದ್ರವ ಸದಾ ಉತ್ಪತ್ತಿಯಾಗುತ್ತ, ಸದಾ ಹೊರಗೆ ಹರಿಯುತ್ತ ಇರುತ್ತದೆ. ಅದರ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರುಗಳ ನಡುವೆ ಇರತಕ್ಕದ್ದು. ಹುಡುಗನ ಬಲಗಣ್ಣಿನಲ್ಲಿ 42 ಇತ್ತು, ಎಡಗಣ್ಣಿನಲ್ಲಿ 34. ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಯಾವ ಹನಿ ಹಾಕುತ್ತಿದ್ದಿರಿ?” ಆಯಿಯ ಸೆರಗಿನ ಗಂಟಿನಿಂದ ಬಾಟಲಿ ಹೊರಬಂತು. ಅವರು ಅದನ್ನು ಬೆಳಕಿಗೆ ಹಿಡಿದು ಹೆಸರನ್ನು ಗಟ್ಟಿಯಾಗಿ ಓದಿದರು. ಒಂದು ಪ್ರತಿಜೀವಕ, ಅದರ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್.

ಸ್ಟಿರಾಯ್ಡ್ ಹನಿಯು ಉರಿಯೂತವನ್ನು ತಗ್ಗಿಸುವುದರಲ್ಲಿ ನಿಸ್ಸೀಮ. ಅದರ ಜೊತೆಗೆ, ಕೆಲವರಲ್ಲಿ, ಕಣ್ಣಿನ ದ್ರವ ಹೊರಹರಿಯುವ ಸೂಕ್ಷ್ಮ ಜಾಲರಿಯನ್ನು ಅದು ಕಟ್ಟಿಬಿಡುತ್ತದೆ. ಬಚ್ಚಲ ಮೋರಿಗೆ ಕಸ ಸಿಕ್ಕಿದಂತೆ ಎನ್ನಬಹುದು. ನೀರು ಬರುವುದು ನಿಲ್ಲುವುದಿಲ್ಲ, ಹೋಗುವುದು ನಿಲ್ಲುತ್ತದೆ. ನಾಲ್ಕಾರು ವಾರ ಬಿಡದೆ ಹಾಕಿದಾಗ ದೊಡ್ಡವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಒತ್ತಡ ಏರುತ್ತದೆಂದೂ, ನೂರರಲ್ಲಿ ಐದಾರು ಮಂದಿಗೆ ಬಹಳವಾಗಿ ಏರುತ್ತದೆಂದೂ 1960ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಮಕ್ಕಳಲ್ಲಿ ಇದು ಇನ್ನೂ ಬೇಗ ಆಗಬಹುದು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಏರಿದ ಒತ್ತಡ ಕಣ್ಣಿನ ಹಿಂದಿನ ನರವನ್ನು ದಿನದಿನಕ್ಕೆ ಸವೆಸುತ್ತದೆ. ಹೊರಗಿನಿಂದ ನೋಡಿದವರಿಗೆ ಕಣ್ಣು ಮುತ್ತಿನಂತೆ ಹೊಳೆಯುತ್ತಿರುತ್ತದೆ. ಬಹುಕಾಲ ಹಾಕಿದರೆ ಮೋತಿಬಿಂದುವೂ ಬರುತ್ತದೆ.

ಹನಿ ನಿಲ್ಲಿಸಿದರು, ಒತ್ತಡ ಇಳಿಸುವ ಬೇರೆ ಹನಿಗಳನ್ನು ಕೊಟ್ಟರು, ಬಲಗಣ್ಣಿಗೆ ಶಸ್ತ್ರಕ್ರಿಯೆಯಾಯಿತು. ಒತ್ತಡ ಹತೋಟಿಗೆ ಬಂದಿದೆ. ಎಡಗಣ್ಣು ಬಹುಮಟ್ಟಿಗೆ ಉಳಿದಿದೆ. ಬಲಗಣ್ಣಿಗೆ ನಡುವಿನ ಒಂದು ಸಣ್ಣ ಕಿಂಡಿಯಷ್ಟು ನೋಟವಿದೆ. ಸವೆದ ನರ ಮತ್ತೆ ಚಿಗುರುವುದಿಲ್ಲ. ವೈದ್ಯರು ಅದನ್ನು ಹೇಳಿದಾಗ ಮರಾಠಿಯಲ್ಲಿ ಹೇಳಿದರು. ಆಯಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಾಟಲಿಯನ್ನು ಒಮ್ಮೆ ನಾನೂ ತಂದಿದ್ದೆನೆಂಬುದನ್ನೂ ಆಗಲೇ ಎಲ್ಲರೆದುರು ಹೇಳಿದೆ. ಮುದುಕಿ ಏನೂ ಅನ್ನಲಿಲ್ಲ. ಆ ಬಾಟಲಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಆ ಹುಡುಗನ ಮೂಲ ಕಾಯಿಲೆ ಒಂದು ಬಗೆಯ ಅಲರ್ಜಿ. ಒಣ ಹವೆ, ಬಿಸಿಲು, ಧೂಳು ಇರುವ ನಮ್ಮಂಥ ಸೀಮೆಗಳಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಹೆಚ್ಚು. ಪ್ರಾಯಕ್ಕೆ ಬಂದಂತೆ ಬಹುಮಟ್ಟಿಗೆ ತಾನಾಗಿ ಅಡಗುತ್ತದೆ. ಅಲ್ಲಿಯವರೆಗೆ ತಣ್ಣೀರಿನ ಬಟ್ಟೆ, ಬಿಸಿಲಿಗೆ ಟೊಪ್ಪಿಗೆ, ಕಣ್ಣು ತಿಕ್ಕದ ಅಭ್ಯಾಸ, ಮತ್ತು ಓಲೋಪಟಾಡಿನ್‌ನಂಥ ಸ್ಟಿರಾಯ್ಡ್ ಅಲ್ಲದ ಹನಿಗಳು ಸಾಕಾಗುವುದುಂಟು. ಸಾಲದಿದ್ದರೆ ವೈದ್ಯರು ಸ್ಟಿರಾಯ್ಡನ್ನೂ ಕೊಡುತ್ತಾರೆ; ಕೆಲವು ದಿನ ಮಾತ್ರ, ಕಣ್ಣಿನ ಒತ್ತಡ ಅಳೆಯುತ್ತ, ಕ್ರಮೇಣ ಇಳಿಸುತ್ತ. ಹೀಗೆ ಕೊಟ್ಟದ್ದನ್ನು ಈ ಲೇಖನ ಓದಿ ಹೆದರಿ ಯಾರೂ ನಡುವೆ ನಿಲ್ಲಿಸತಕ್ಕದ್ದಲ್ಲ. ಶಸ್ತ್ರಕ್ರಿಯೆಯ ಮೇಲೆ, ಕಣ್ಣೊಳಗಿನ ಉರಿಯೂತದಲ್ಲಿ, ಕಣ್ಣನ್ನು ಉಳಿಸುವ ಔಷಧ ಅದೇ. ಆಯಿಗೆ ಅದು ಸರಿಯಾದ ಔಷಧವಾಗಿತ್ತು.

ಔಷಧದ ಪೊಟ್ಟಣದ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಅರ್ಥ. ಮಾರುವವರು ಮಾರುತ್ತಾರೆ, ಕೊಳ್ಳುವವರಾದರೂ ನೋಡಬಹುದು. ಗಡಿಯ ಈಚೆಗಿರುವ ನಮಗೆ ತೊಂದರೆ ಒಂದು ಹೆಚ್ಚು. ವೈದ್ಯರು ಹೇಳುವುದು ಮರಾಠಿಯಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಹನಿ ಬಿಡುವ ಮುದುಕಿಗೆ ತಿಳಿಯುವುದು ಕನ್ನಡ. ‘ಹತ್ತು ದಿನ ಮಾತ್ರ’ ಎಂಬ ಮಾತು ಈ ಮೂರು ಹೊಳೆ ದಾಟುವಷ್ಟರಲ್ಲಿ ತೇಲಿಹೋಗುತ್ತದೆ. ಅದಕ್ಕಾಗಿ ನಮ್ಮ ಶಾಲೆಯಲ್ಲಿ ಈಗ ಆರು ಮತ್ತು ಏಳನೆಯ ಇಯತ್ತೆಯ ಮಕ್ಕಳಿಗೆ ತಮ್ಮ ಮನೆಯ ಔಷಧಗಳ ಇಂಗ್ಲಿಷ್ ಹೆಸರನ್ನು ಓದಿ ಕನ್ನಡದಲ್ಲಿ ಬರೆದು ತರಲು ಹೇಳುತ್ತೇವೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೊಲೋನ್: ‘ಸೋನ್’ ಅಥವಾ ‘ಲೋನ್’ ಎಂದು ಮುಗಿಯುವ ಹೆಸರು ಕಣ್ಣಿನ ಬಾಟಲಿಯ ಮೇಲಿದ್ದರೆ ಅದು ಯಾರಿಗೆ, ಎಷ್ಟು ದಿನಕ್ಕೆ, ಯಾವಾಗ ಕೊಟ್ಟದ್ದೆಂದು ಕೇಳಿಕೊಂಡು ಬರಬೇಕು. ಲೋಟೆಪ್ರೆಡ್ನಾಲ್ ಎಂಬುದೂ ಇದೇ ಬಳಗದ್ದು. ಹೆಸರು ಮಾತ್ರ ಬೇರೆ ತೆರನಾಗಿ ಮುಗಿಯುತ್ತದೆ. ಮೊದಲ ವಾರ ಮಕ್ಕಳು ತಂದ ಹಾಳೆಗಳಲ್ಲಿ ಹನ್ನೊಂದು ಮನೆಗಳ ಮಾಡದಲ್ಲಿ ಇಂಥ ಹಳೆಯ ಬಾಟಲಿಗಳಿದ್ದವು. ತೆರೆದ ಬಾಟಲಿಯ ಆಯುಷ್ಯ ಸಾಮಾನ್ಯವಾಗಿ ಒಂದು ತಿಂಗಳು. ಆ ಹನ್ನೊಂದರಲ್ಲಿ ಒಂದೂ ಆ ವರ್ಷದ್ದಾಗಿರಲಿಲ್ಲ.

ಸ್ಟಿರಾಯ್ಡ್ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನು ಒಕ್ಕಲಿಗರ ಮನೆಯವರು ಗಮನಿಸಬೇಕು. ಜೋಳದ ದಂಟು, ಕಬ್ಬಿನ ಗರಿ, ತೊಗರಿಯ ಕಡ್ಡಿ ಕಣ್ಣಿಗೆ ಚುಚ್ಚಿದಾಗ ಕರಿಗುಡ್ಡೆಯಲ್ಲಿ ಬೂಷ್ಟಿನ ಸೋಂಕು ಬೇರೂರಬಹುದು. ಅದರ ಮೇಲೆ ಸ್ಟಿರಾಯ್ಡ್ ಬಿಟ್ಟರೆ ಒಂದೆರಡು ದಿನ ಹಾಯೆನಿಸುತ್ತದೆ, ಒಳಗೆ ಹುಣ್ಣು ಹೊಲಕ್ಕೆ ಬಿದ್ದ ಬೆಂಕಿಯಂತೆ ಹರಡುತ್ತದೆ. ಸುಗ್ಗಿಯಲ್ಲಿ ಕಣ್ಣಿಗೆ ಪೆಟ್ಟಾದವರು ಮಾಡದ ಬಾಟಲಿಗೆ ಕೈ ಹಾಕದೆ ಅದೇ ದಿನ ನೇತ್ರವೈದ್ಯರನ್ನು ಕಾಣುವುದು ಲೇಸು.

2023ರ ಮಳೆಗಾಲದಲ್ಲಿ ಮಹಾರಾಷ್ಟ್ರದಲ್ಲೆಲ್ಲ ‘ಕಣ್ಣು ಬಂದಾಗ’ ನಮ್ಮ ಶಾಲೆಯ ಹಾಜರಿ ಅರ್ಧಕ್ಕಿಳಿದಿತ್ತು. ಅಂಥ ಕಣ್ಣುಬೇನೆ ಬಹುತೇಕ ವೈರಾಣುವಿನಿಂದ ಬರುವಂಥದು. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಪ್ರತಿಜೀವಕದ ಹನಿ ವೈರಾಣುವನ್ನು ಕೊಲ್ಲದು. ಒಂದೇ ಬಾಟಲಿ ಮನೆಯ ಐದು ಜನರ ರೆಪ್ಪೆ ಮುಟ್ಟಿ ಬಂದರೆ ಬೇನೆಯೂ ಅದರೊಡನೆ ಮನೆ ಸುತ್ತುತ್ತದೆ. ನೋವು ಹೆಚ್ಚಾದರೆ, ಬೆಳಕು ಸೇರದಿದ್ದರೆ, ನೋಟ ಮಸುಕಾದರೆ ಮಾತ್ರ ತಡಮಾಡದೆ ತೋರಿಸಬೇಕು.

ಅಜ್ಜಂದಿರ ಕಾಚಬಿಂದುವಿನ ಹನಿಗಳನ್ನೂ ಮಕ್ಕಳಿಗೆ ಎಟುಕದಂತೆ ಇಡಿರಿ. ಟಿಮೊಲಾಲ್ ದಮ್ಮಿರುವ ಮಗುವಿನ ಉಸಿರನ್ನು ಕಟ್ಟಬಲ್ಲುದು, ಎದೆಬಡಿತವನ್ನು ಇಳಿಸಬಲ್ಲುದು. ಬ್ರಿಮೊನಿಡಿನ್ನನ್ನು ಎರಡು ವರ್ಷದೊಳಗಿನ ಕೂಸಿಗೆ ಹಾಕಲೇಬಾರದು, ಕೂಸು ಎಚ್ಚರವಿಲ್ಲದೆ ಮಲಗಿಬಿಡುತ್ತದೆ. ಕಣ್ಣಿನ ಕೆಂಪು ತೆಗೆಯಲೆಂದು ಮಾರುವ ನಫಾಜೊಲಿನ್ ಮುಂತಾದ ಹನಿಗಳನ್ನು ಕುಡಿದುಬಿಟ್ಟ ಮಕ್ಕಳ 96 ಪ್ರಕರಣಗಳನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2012ರಲ್ಲಿ ಪ್ರಕಟಿಸಿತು. ಎಲ್ಲರೂ ಐದು ವರ್ಷದೊಳಗಿನವರು. ಒಂದೆರಡು ಮಿಲಿಲೀಟರಿನಷ್ಟು ನುಂಗಿದರೂ ಅಪಾಯವೆಂದು ಅದು ಎಚ್ಚರಿಸಿತು. ಯಾರೂ ಸಾಯಲಿಲ್ಲವೆಂಬುದು ಸಮಾಧಾನ. ಕಿವಿಯ ಹನಿಯನ್ನೂ ಅಂಟಿನ ಬಾಟಲಿಯನ್ನೂ ಕಣ್ಣಿನ ಹನಿಯ ಪಕ್ಕದಲ್ಲಿ ಇಡುವ ಮನೆಗಳೂ ಉಂಟು. ಕತ್ತಲಲ್ಲಿ ಮೂರೂ ಒಂದೇ.

ಹುಡುಗ ಈಗ ಮುಂದಿನ ಸಾಲಿನಲ್ಲಿ, ಬಲಗಡೆಯ ಗೋಡೆಗೆ ತಾಗಿ ಕುಳಿತುಕೊಳ್ಳುತ್ತಾನೆ. ಎಡಗಡೆಯಿಂದ ಯಾರು ಬಂದರೂ ಅವನಿಗೆ ಕಾಣುತ್ತದೆ. ಖೋ ಖೋ ಆಡುವುದಿಲ್ಲ, ಅಂಕ ಬರೆಯುತ್ತಾನೆ. ಒತ್ತಡ ಅಳೆಸುವ ತಾರೀಖುಗಳ ಕಾರ್ಡು ಶಾಲೆಯ ಕಪಾಟಿನಲ್ಲಿ ಹಾಜರಿ ಪುಸ್ತಕದ ಜೊತೆಗಿದೆ. ಮುಂದಿನ ತಾರೀಖು ಬರುವ ಮಂಗಳವಾರ. ಅವನ ತಂದೆ ಕಬ್ಬಿನ ಕಟಾವಿಗೆ ಹೋಗಿರುವುದರಿಂದ ಬೆಳಗಿನ ಎಸ್‌ಟಿ ಬಸ್ಸಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.